ಓಸ್ನೆ ತಿರುವು

ಸೇತುವೆ ಮನೆ, ಸ್ಕೋರಾ ಕಣಿವೆ
ಭಾನುವಾರ, ಮೇ 29, 2011

ಪ್ರೀತಿಯ ಓಸ್ನೆಗೆ,

ಎಡ ಮೊಣಕಾಲೊಂದನ್ನು ಬಿಟ್ಟರೆ ನಾನು ಕ್ಷೇಮ. ನೀನೂ ನಿನ್ನ ದ್ವೀಪವೂ ಕ್ಷೇಮವೆಂದು ನಂಬಿದ್ದೇನೆ.

ಕ್ರಿಸ್‌ಮಸ್‌ಗೆ ನೀನು ಬರೆದ ಕಾರ್ಡಿಗೆ ಮೇ ತಿಂಗಳ ಕೊನೆಯಲ್ಲಿ ಉತ್ತರ ಬರೆಯುತ್ತಿದ್ದೇನೆ. ಹೋಂವರ್ಕ್ ತಡ ಮಾಡಿದ ಮಕ್ಕಳನ್ನು ಮೂಲೆಯಲ್ಲಿ ನಿಲ್ಲಿಸಿದ ಟೀಚರ್ ನಾನೇ. ಈಗ ನಾನು ಯಾವ ಮೂಲೆಯಲ್ಲಿ ನಿಲ್ಲಲಿ, ನೀನೇ ಹೇಳು. ಕಾಲು ನೋವಿತ್ತು, ಕನ್ನಡಕ ಒಡೆದಿತ್ತು, ಬೆಕ್ಕು ಮರಿ ಹಾಕಿತ್ತು ಎಂದೆಲ್ಲ ನೆಪ ಹೇಳಬಹುದು. ಬೆಕ್ಕು ನಿಜವಾಗಿಯೂ ಮರಿ ಹಾಕಿತು, ನಾಲ್ಕು. ಆದರೆ ಕಾರಣ ಅದಲ್ಲ.

ನಲವತ್ತೈದು ವರ್ಷಗಳಿಂದ ನಿನ್ನ ಕಾರ್ಡಿನಲ್ಲಿ ಒಂದೇ ಪ್ರಶ್ನೆ: "ನದಿ ಹೇಗಿದೆ?" ಈ ಸಲ ಅದರ ಕೆಳಗೆ ಇನ್ನೆರಡು ಸಾಲು ಇದ್ದವು. "ಕಿವಿಗೆ ಮಷಿನ್ ಹಾಕಿಸ್ಕೊಂಡೆ ಕಣೇ. ಎರಡೂ ಕಿವಿ ಮಂದ ಅಂದ್ರು ಡಾಕ್ಟರು. ಅವತ್ತೇ ಮಂದ ಇತ್ತೋ ಏನೋ, ಪಾಪ ಅಪ್ಪ." ಆ ಸಾಲನ್ನು ಓದಿ ಕಾರ್ಡನ್ನು ಬ್ರೆಡ್ಡಿನ ಡಬ್ಬದ ಹಿಂದೆ ತಳ್ಳಿಬಿಟ್ಟೆ. ದಿನಾ ಬೆಳಿಗ್ಗೆ ಬ್ರೆಡ್ಡು ತೆಗೆಯುವಾಗ ಅದರ ಮೂಲೆ ಕಾಣುತ್ತಿತ್ತು. ಐದು ತಿಂಗಳು ಹಾಗೇ ಕಳೆದೆ.

ಮೊದಲು ನದಿಯ ಸಮಾಚಾರ ಹೇಳಿಬಿಡುತ್ತೇನೆ, ಅದು ಸುಲಭ. ಸ್ಕೋರಾ ಚೆನ್ನಾಗಿದ್ದಾಳೆ ಎನ್ನಲು ಬಾಯಿ ಬರುವುದಿಲ್ಲ. ನಾವು ಆಡು ಕಾಯಲು ಹೋಗುತ್ತಿದ್ದ ಗುಡಿಸಲಿನ ಬಾಗಿಲಿಗೇ ಬೆಟ್ಟದ ಮೇಲಿನ ಹಿಮಗಡ್ಡೆ ಬಂದು ನಿಂತಿರುತ್ತಿತ್ತಲ್ಲ, ಈಗ ಅದರ ಮುಖ ನೋಡಬೇಕಾದರೆ ಅಲ್ಲಿಂದ ಮುಕ್ಕಾಲು ಗಂಟೆ ನಡೆಯಬೇಕು. ಕರೆಂಟಿನವರು ಬೆಟ್ಟ ಕೊರೆದ ಮೇಲೆ ಮೇಲಿನ ಸರೋವರದ ನೀರೆಲ್ಲ ಸುರಂಗದೊಳಗೆ ಹೋಗಿ ನೇರವಾಗಿ ಫಿಯೋರ್ಡಿನ ಕಡಲಿಗೆ ಬೀಳುತ್ತದೆ. ಪಕ್ಕದಲ್ಲಿ ನಿಂತು ಕಿರುಚಿದರೂ ಕೇಳಿಸದಿದ್ದ ಕಂದರದಲ್ಲಿ ಈಗ ಹಕ್ಕಿ ಕೂಗುವುದು ಕೇಳುತ್ತದೆ. ಮಧ್ಯಾಹ್ನದ ಬಿಸಿಲಿಗೆ ಮೇಲೆ ಕರಗಿದ ನೀರು ಸಂಜೆ ಐದಕ್ಕೆ ನಮ್ಮ ಸೇತುವೆ ಮುಟ್ಟುತ್ತಿತ್ತಲ್ಲ, ಆ ಸಂಜೆ ನೆರೆ ಈಗ ಬರುವುದಿಲ್ಲ. ನದಿಯಾಚೆ ನಿಮ್ಮ ನೆರಳುದಂಡೆಗೆ ಮಾತ್ರ ಯಾವ ಸುರಂಗದಿಂದಲೂ ಉಪಕಾರವಾಗಿಲ್ಲ. ನವೆಂಬರಿನಲ್ಲಿ ಹೋದ ಸೂರ್ಯ ಫೆಬ್ರವರಿಗೇ ವಾಪಸು. ನಿಮ್ಮ ಹಳೇ ಮನೆ ಕೊಂಡ ಜರ್ಮನ್ ದಂಪತಿ ಸೂರ್ಯ ಬಂದ ದಿನ ಬನ್ನು ಮಾಡಿ ನಮ್ಮ ಬಿಸಿಲುದಂಡೆಯವರಿಗೂ ಕೊಟ್ಟು ಕಳಿಸಿದರು. ಬನ್ನು ಕಲ್ಲಿನಂತಿತ್ತು, ಆದರೂ ತಿಂದೆ.

ನಾನು ಮಕ್ಕಳಿಗೆ ನದಿಯ ಪಾಠ ಹೇಗೆ ಮಾಡುತ್ತಿದ್ದೆ ಎಂದು ನಿನಗೆ ಗೊತ್ತು. ಎಡತೋಳು ಚಾಚಬೇಕು. ಭುಜವೇ ಹಿಮಗಡ್ಡೆ, ಮೊಣಕೈ ಸರೋವರ, ಅದರ ಕೆಳಗೆ ಕಂದರ, ಮಣಿಕಟ್ಟು ನಮ್ಮ ಸೇತುವೆ, ಅಂಗೈ ಹುಲ್ಲುಗಾವಲು, ಬೆರಳುಗಳು ಫಿಯೋರ್ಡಿನ ಬಾಯಲ್ಲಿ ಕವಲೊಡೆದ ನೀರು, ನಡುನಡುವೆ ಮರಳದಿಬ್ಬ. ಮೂವತ್ತೆಂಟು ವರ್ಷ ಈ ಪಾಠ ಮಾಡಿದೆ. ನಿನಗೆ ಗೊತ್ತಿಲ್ಲದ ಒಂದು ಸಂಗತಿ ಏನೆಂದರೆ, 1964ರ ನಂತರ ನಾನು ಮಣಿಕಟ್ಟು ದಾಟಿ ಪಾಠ ಮಾಡಲೇ ಇಲ್ಲ. ಗಂಟೆ ಹೊಡೆಯಿತು ಎನ್ನುತ್ತಿದ್ದೆ, ನಾಳೆ ನೋಡೋಣ ಎನ್ನುತ್ತಿದ್ದೆ. ಒಂದು ಹುಡುಗಿಯಂತೂ ಪರೀಕ್ಷೆಯಲ್ಲಿ "ಸ್ಕೋರಾ ನದಿಯು ನಮ್ಮ ಶಾಲೆಯ ಹತ್ತಿರ ಮುಗಿಯುತ್ತದೆ" ಎಂದು ಬರೆದಿದ್ದಳು. ನಾನು ಅದಕ್ಕೆ ಪೂರ್ತಿ ಅಂಕ ಕೊಟ್ಟೆ.

ಈಗ ವಿಷಯಕ್ಕೆ ಬರುತ್ತೇನೆ. ಅಂಗಡಿಯವರ ಮೊಮ್ಮಗ ಇಂಗ್ವಾರ್ ನಮ್ಮ ಕಣಿವೆಯ ಬಗ್ಗೆ ಪುಸ್ತಕ ಮಾಡುತ್ತಿದ್ದಾನೆ. ನನ್ನ ಹಳೇ ವಿದ್ಯಾರ್ಥಿ, ಈಗ ನಲವತ್ತು ವರ್ಷದ ಗಂಡಸು, ಗಡ್ಡ ಬಿಟ್ಟಿದ್ದಾನೆ. ಪುಸ್ತಕದ ಜೊತೆಗೆ ಮಡಚುವ ನಕ್ಷೆ. ಬಂಡೆ, ಮಡು, ತಿರುವು ಎಲ್ಲದಕ್ಕೂ ಹೆಸರು. ಮಾರ್ಚಿನಲ್ಲಿ ಟೇಪ್ ರೆಕಾರ್ಡರ್ ಹಿಡಿದು ಮನೆಗೆ ಬಂದ.

"ಟೀಚರ್, ನಮ್ಮೂರಲ್ಲಿ ಮುಂದೆ ಅಂದ್ರೆ ಯಾವ್ ಕಡೆ?" ಎಂದು ಕೇಳಿದ.

"ನೀನ್ ಇಲ್ಲೇ ಹುಟ್ಟಿದೋನಲ್ವೇನೋ? ಮುಂದೆ ಅಂದ್ರೆ ಮೇಲಕ್ಕೆ, ಹಿಮಗಡ್ಡೆ ಕಡೆ. ಹೊರಗೆ ಅಂದ್ರೆ ಕೆಳಕ್ಕೆ, ಫಿಯೋರ್ಡ್ ಕಡೆ. ನೀನು ಯಾವ ಕಡೆ ಮುಖ ಮಾಡಿ ನಿಂತಿದ್ರೂ ಅಷ್ಟೇ."

"ನಂಗೊತ್ತು ಟೀಚರ್, ಟೇಪಿಗೆ ಬೇಕಿತ್ತು," ಎಂದು ನಕ್ಕ. "ಅದ್ಸರಿ, ನಿಮ್ ಶಾಲೆ ಎದುರಿಗೆ, ಸೇತುವೆ ಇಳಿದು ರಸ್ತೆ ಸೇರೋ ಜಾಗಕ್ಕೆ ಓಸ್ನೆ ತಿರುವು ಅಂತಾರಲ್ಲ, ಯಾಕೆ? ಅಜ್ಜ ಏನೋ ಹೇಳ್ತಿದ್ರು. ಅವ್ಳಿಗೆ ಹೊರಗೆ ಅಂದ್ರೆ ಮುಂದೆ ಅಂತ ಕೇಳಿಸ್ತಂತೆ?"

ನೀನು ಊರು ಬಿಟ್ಟ ಮೇಲೆ ಹುಟ್ಟಿದ ಹೆಸರು ಅದು, ಓಸ್ನೆ. ನಿನಗೆ ಯಾರೂ ಹೇಳಿರಲಾರರು. ನಿನ್ನ ಎದುರಿಗೆ ಅಂಗಡಿಯಲ್ಲಿ ಆಡುತ್ತಿದ್ದ ಮಾತಂತೂ ನಿನಗೆ ಮರೆತಿರುವುದಿಲ್ಲ: "ಓಸ್ನೆಗೆ ಎರಡ್ ಸಲ ಹೇಳ್ರಪ್ಪಾ, ಇಲ್ದಿದ್ರೆ ಹಿಮಗಡ್ಡೆ ಹತ್ಬಿಡ್ತಾಳೆ." ನೀನೂ ಅವರ ಜೊತೆ ನಗಲು ನೋಡುತ್ತಿದ್ದೆ. ಎರಡೇ ವರ್ಷದಲ್ಲಿ ನದಿಯೇ ಇಲ್ಲದ ದ್ವೀಪದ ಮೀನುಗಾರನನ್ನು ಮದುವೆಯಾಗಿ ಹೊರಟುಹೋದೆ. ಅಲ್ಲಿ ಮುಂದೆಯೂ ಇಲ್ಲ, ಹೊರಗೂ ಇಲ್ಲ, ಸುತ್ತ ಕಡಲು ಎಂದು ಮೊದಲ ಕಾರ್ಡಿನಲ್ಲಿ ಬರೆದಿದ್ದೆ.

ಇಂಗ್ವಾರ್ ಕೇಳಿದ್ದಕ್ಕೆ ನಾನೇನು ಹೇಳಿದೆ ಗೊತ್ತೆ? ಊರೆಲ್ಲ ಹೇಳುವ ಕತೆಯನ್ನೇ ಹೇಳಿದೆ. ವಾಫಲ್ ಮೇಲೆ ಜಾಮ್ ಹಚ್ಚುತ್ತ, ನಡುವೆ ಅವನ ಕಪ್ಪಿಗೆ ಕಾಫಿ ಸುರಿಯುತ್ತ, ಏನೂ ಆಗದವಳ ಹಾಗೆ. ಹೋದ ವಾರ ಅಚ್ಚಿನ ಹಾಳೆ ತಂದುಕೊಟ್ಟ, ತಿದ್ದಿಕೊಡಿ ಎಂದ. ಅದರಲ್ಲಿ ಹೀಗಿದೆ: "ಓಸ್ನೆ ತಿರುವು. 1964ರ ಜೂನ್ ನೆರೆಯಂದು, ಹೊರಗೆ ಎಂದು ಹೇಳಿದ್ದನ್ನು ಮುಂದೆ ಎಂದು ಕೇಳಿಸಿಕೊಂಡ ಓಸ್ನೆ ಎಂಬಾಕೆ ತಂದೆಯನ್ನು ಹುಡುಕಿಕೊಂಡು ತಪ್ಪು ದಿಕ್ಕಿಗೆ ತಿರುಗಿದ ಜಾಗ." ನಕ್ಷೆಯಲ್ಲೂ ಸಣ್ಣ ಅಕ್ಷರದಲ್ಲಿ ನಿನ್ನ ಹೆಸರು. ಕೆಳಗೆ ಕೃತಜ್ಞತೆ ಎಂದು ನನ್ನ ಹೆಸರು. ಕೆಂಪು ಪೆನ್ನು ಹಿಡಿದು ಮೂರು ಸಂಜೆ ಅದರ ಮುಂದೆ ಕುಳಿತೆ. ಇಡೀ ಆಯುಷ್ಯ ಬೇರೆಯವರ ತಪ್ಪಿನ ಮೇಲೆ ಆಡಿದ ಪೆನ್ನು, ನನ್ನದರ ಮೇಲೆ ಏಳಲಿಲ್ಲ.

ಓಸ್ನೆ, ನಿನ್ನ ಕಿವಿ ಸರಿಯಾಗಿತ್ತು. ನಾನು ಮುಂದೆ ಎಂದೇ ಹೇಳಿದ್ದೆ.

ಬರೆದುಬಿಟ್ಟೆ. ಈ ಕಾಗದವನ್ನು ಇಲ್ಲೇ ಕೆಳಗಿಟ್ಟು ನೀನು ಸ್ವಲ್ಪ ಹೊತ್ತು ಹೊರಗೆ ಅಡ್ಡಾಡಿ ಬಂದರೂ ಸರಿ. ಆಮೇಲೆ ಉಳಿದದ್ದನ್ನು ಓದು.

ನಾನು ಬರ್ಗೆನ್ನಿಗೆ ಟೀಚರ್ ಟ್ರೇನಿಂಗಿಗೆ ಹೋದ ಮೊದಲ ವಾರ ಟ್ರಾಮಿನಲ್ಲಿ ನಡೆದದ್ದನ್ನು ನಿನಗೆ ಹೇಳಿರಲಿಲ್ಲ. ಕಂಡಕ್ಟರ್ "ಮುಂದೆ ಹೋಗಿ, ಮುಂದೆ ಹೋಗಿ" ಎಂದ. ನಾನು ಗಾಬರಿಯಲ್ಲಿ "ನದಿ ಯಾವ್ ಕಡೆ ಇದೆ?" ಎಂದು ಕೇಳಿದೆ. ಇಡೀ ಟ್ರಾಮು ನಕ್ಕಿತು. ಒಬ್ಬ ಹೆಂಗಸು ಕಣ್ಣೊರೆಸಿಕೊಳ್ಳುವಷ್ಟು ನಕ್ಕಳು. ಕಾಲೇಜಿನಲ್ಲಿ ಎರಡು ವರ್ಷ ನನ್ನನ್ನು "ನದಿ ಯಾವ್ ಕಡೆ" ಎಂದೇ ಕರೆದರು. ಆವತ್ತಿನಿಂದ ನಮ್ಮ ಮಾತನ್ನು ಬಾಯಿಂದ ಕಿತ್ತು ಬಿಸಾಡಲು ಕಲಿತೆ. ಊರಿಗೆ ಬಂದಾಗ ನಿಮ್ಮಪ್ಪ ನನ್ನ ಮಾತು ಕೇಳಿ ಏನೆಂದರು, ನೆನಪಿದೆಯೆ? "ಏನಮ್ಮಾ ಸಿಗ್ವೋರ್, ಬಾಯಲ್ಲಿ ಬಿಸಿ ಆಲೂಗಡ್ಡೆ ಇಟ್ಕೊಂಡಿದೀಯಾ?" ಎಲ್ಲರೂ ನಕ್ಕರು. ನನಗೆ ಕೋಪ ಬಂದಿತ್ತು.

ಜೂನ್ ಮೂರು, ಬುಧವಾರ. ಪಟ್ಟಣದಿಂದ ಸ್ಕೂಲ್ ಇನ್ಸ್‌ಪೆಕ್ಟರ್ ಬಂದಿದ್ದರು. ನನ್ನ ಕೆಲಸ ಕಾಯಂ ಆಗುವುದು ಆ ಒಂದು ತರಗತಿಯ ಮೇಲೆ ನಿಂತಿತ್ತು. ನದಿಯ ಪಾಠವನ್ನೇ ಹಿಡಿದಿದ್ದೆ, ತೋಳು ಚಾಚಿ, ಪಟ್ಟಣದ ಮಾತಿನಲ್ಲಿ. ಅವರು ಹಿಂದಿನ ಬೆಂಚಿನಲ್ಲಿ ಕುಳಿತು ತಲೆಯಾಡಿಸುತ್ತಿದ್ದರು. ಹನ್ನೊಂದು ಗಂಟೆಯ ಹೊತ್ತಿಗೆ ನಿಮ್ಮಪ್ಪ ಸೇತುವೆ ದಾಟಿ ಬಂದು ಫಿಯೋರ್ಡಿನ ಕಡೆ ನಡೆದುಹೋದದ್ದು ನನಗೆ ಕಿಟಕಿಯಿಂದ ಕಂಡಿತು. ಕಾಲಲ್ಲಿ ಮನೆಯ ಚಪ್ಪಲಿ, ಕೈಯಲ್ಲಿ ಗಾಳ. ಆ ಚಳಿಗಾಲದಿಂದ ಅವರಿಗೆ ಮರೆವು ಹೆಚ್ಚಾಗಿತ್ತಲ್ಲ. ಮರಳದಿಬ್ಬದಲ್ಲಿ ಸಾಲ್ಮನ್ ಹಿಡಿಯುತ್ತಿದ್ದ ಕಾಲ ಮಾತ್ರ ಅವರಿಗೆ ಮರೆತಿರಲಿಲ್ಲ.

ಹತ್ತು ನಿಮಿಷಕ್ಕೆ ನೀನು ಓಡಿ ಬಂದು ಕಿಟಕಿಯ ಕೆಳಗೆ ನಿಂತೆ. ಕೈಯೆಲ್ಲ ಹಿಟ್ಟು.

"ಸಿಗ್ವೋರ್, ಅಪ್ಪನ್ನ ನೋಡ್ದೇನೇ? ಯಾವ್ ಕಡೆ ಹೋದ್ರು?"

ಹಿಂದೆ ಇನ್ಸ್‌ಪೆಕ್ಟರ್ ಇದ್ದರು. ಮೂವತ್ತು ಮಕ್ಕಳಿದ್ದರು. ನಾನು ನನ್ನ ಅತ್ಯಂತ ಚೊಕ್ಕ ಪಟ್ಟಣದ ದನಿಯಲ್ಲಿ ಹೇಳಿದೆ: "ನಿಮ್ಮ ತಂದೆಯವರು ಈ ರಸ್ತೆಯಲ್ಲಿ ಮುಂದೆ ಹೋದರು." ಪಟ್ಟಣದವರಿಗೆ ಮುಂದೆ ಎಂದರೆ ರಸ್ತೆ ಹೋದತ್ತ, ನಡೆಯುವವನ ಮೂಗು ಇದ್ದತ್ತ. ನಿನಗೆ ಮುಂದೆ ಎಂದರೆ ಕಂದರ, ಹಿಮಗಡ್ಡೆ. ನಿನ್ನನ್ನು "ನೀವು" ಎಂದೆ, ಅದನ್ನು ಗಮನಿಸಿದ್ದೆಯಾ? ಏಳು ವರ್ಷದವರಿದ್ದಾಗಿನಿಂದ ಒಂದೇ ತಟ್ಟೆಯಲ್ಲಿ ಉಂಡವಳನ್ನು ನೀವು ಎಂದೆ.

ನೀನು ಓಡಿದೆ. ಇನ್ಸ್‌ಪೆಕ್ಟರ್ ನದಿಯ ಸದ್ದು ಬಹಳವಾಯಿತು, ಕಿಟಕಿ ಮುಚ್ಚಿ ಎಂದರು. ಮುಚ್ಚಿದೆ.

ಶಾಲೆ ಬಿಟ್ಟ ಮೇಲೆ ಅವರಿಗೆ ಕಾಫಿ, ಕಂದು ಚೀಸು, ತೆಳುರೊಟ್ಟಿ ಕೊಟ್ಟೆ. "ನಿಮ್ಮ ಉಚ್ಚಾರಣೆ ಕೇಳಿದರೆ ಯಾರೂ ಹಳ್ಳಿಯವರು ಅನ್ನೋದಿಲ್ಲ," ಎಂದರು. ಐದು ಗಂಟೆ ಬಸ್ಸಿಗೆ ಅವರನ್ನು ಹತ್ತಿಸಿ ಅಂಗಡಿಗೆ ಬಂದರೆ ಅಂಗಡಿಯವರು ಬಾಗಿಲಲ್ಲೇ ನಿಂತಿದ್ದರು. "ಮುದುಕ ತಾರಾಲ್ ಕಾಣ್ತಿಲ್ಲ. ಗಂಡಸ್ರೆಲ್ಲಾ ಕಂದರದಲ್ಲಿ ಹಗ್ಗ ಬಿಟ್ಟು ಹುಡುಕ್ತಿದಾರೆ," ಎಂದರು. ಅಷ್ಟು ಹೊತ್ತಿಗೆ ಸಂಜೆಯ ನೀರು ಸೇತುವೆಯ ಕೆಳಗೆ ಬಂದಾಗಿತ್ತು, ಹಸಿರು ಹೋಗಿ ಬೂದಿ ಬಣ್ಣ. ನಿಮ್ಮಪ್ಪ ಫಿಯೋರ್ಡಿನ ಕಡೆ ಹೋದದ್ದನ್ನು ಕಂಡಿದ್ದೆ ಎಂದು ಅಂಗಡಿಯವರಿಗೆ ಹೇಳಿ ಕೆಳಗೆ ಓಡಿದೆ. ನಾನು ತಲುಪುವ ಹೊತ್ತಿಗೆ ದಿಬ್ಬವೇ ಇರಲಿಲ್ಲ. ದಡದ ದೋಣಿಮನೆಯವರು ಮೂರು ಗಂಟೆಗೆ ನಿಮ್ಮಪ್ಪನನ್ನು ಅಲ್ಲಿ ಕಂಡಿದ್ದರಂತೆ, ಗಾಳ ಹಾಕಿ ಕೂತಿದ್ದಾರೆ ಎಂದು ಕೈಯೂ ಬೀಸಿದ್ದರಂತೆ.

ಕಂದರದಿಂದ ಇಳಿದು ಬಂದ ಗಂಡಸರು ನನ್ನನ್ನು ಸುತ್ತಿಕೊಂಡರು. "ನೋಡಿದ್ರೆ ಮೊದ್ಲೇ ಹೇಳೋಕೇನಾಗಿತ್ತು ನಿಂಗೆ?" ಎಂದು ಒಬ್ಬ ಗದರಿದ. ಅವರ ಹಿಂದೆ ನೀನು ನಿಂತಿದ್ದೆ, ಮೊಣಕಾಲವರೆಗೆ ಕೆಸರು. ನನ್ನ ಬಾಯಿಂದ ಬಂತು: "ನಾನು ಹೊರಗೆ ಅಂತಾನೇ ಹೇಳ್ದೆ. ನದಿ ಸದ್ದಲ್ಲಿ ಅವ್ಳಿಗೆ ಸರಿಯಾಗಿ ಕೇಳಿಸ್ಲಿಲ್ಲ ಅನ್ಸುತ್ತೆ."

ನೋಡು, ಸುಳ್ಳು ಹೇಳುವಾಗ ನಮ್ಮ ಮಾತು ತಾನಾಗಿ ಬಂತು, ಒಂದಕ್ಷರ ತೊದಲಲಿಲ್ಲ.

ನೀನು ಜಗಳವಾಡುತ್ತೀಯ ಎಂದುಕೊಂಡಿದ್ದೆ. ಇಲ್ಲ. ಮಾರನೆಯ ಬೆಳಿಗ್ಗೆ ದೋಣಿಮನೆಯ ಹತ್ತಿರ ನಿಮ್ಮಪ್ಪ ಸಿಕ್ಕರು. ಮಣ್ಣು ಮಾಡಿದ ದಿನ ನೀನೇ ನನ್ನ ಕೈ ಹಿಡಿದು ಸಮಾಧಾನ ಮಾಡಿದೆ: "ನೀನ್ ಅಳ್ಬೇಡ ಕಣೇ. ನೀನು ಹೇಳಿದ್ದೆ. ನನ್ ಕಿವಿಗೇನ್ ಬಡಿದಿತ್ತೋ." ಆಮೇಲೆ ನೀನು ಯಾರು ಏನು ಹೇಳಿದರೂ "ಇನ್ನೊಂದ್ಸಲ ಹೇಳಿ" ಎನ್ನುವುದು ಶುರುವಾಯಿತು. ಕಿವಿ ತೋರಿಸಲು ಪಟ್ಟಣಕ್ಕೆ ಹೋದೆ, ಡಾಕ್ಟರು ಏನೂ ದೋಷವಿಲ್ಲ ಎಂದರು, ನೀನು ಡಾಕ್ಟರನ್ನೂ ನಂಬಲಿಲ್ಲ. ನನ್ನನ್ನು ನಂಬಿದ್ದೆ. ಆ ಸಲ ನಿನ್ನ ಜೊತೆಗೆ ಬಸ್ಸಿನಲ್ಲಿ ಬಂದವಳು ನಾನೇ. ದಾರಿಯುದ್ದಕ್ಕೂ ಹೇಳಬಹುದಿತ್ತು, ಮೂರು ಗಂಟೆ ದಾರಿ. ಕಿಟಕಿಯ ಹೊರಗೆ ನೋಡುತ್ತ ಕುಳಿತೆ. ಥೂ ನನ್ನ ಜನ್ಮಕ್ಕೆ.

ಮೊನ್ನೆ ಗುರುವಾರ ಇಂಗ್ವಾರ್‌ಗೆ ಫೋನ್ ಮಾಡಿ ಆ ಹೆಸರು ತೆಗಿ ಎಂದೆ.

"ಹೆಸ್ರು ನಾವ್ ಇಡೋದಲ್ಲ ಟೀಚರ್, ಜನ ಕರೀತಾರೆ, ಬರ್ಕೋತೀವಿ. ಬೇಕಾದ್ರೆ ಕತೆ ತಿದ್ದೋಣ. ಏನಂತ ಬರೀಲಿ?"

"ಓಸ್ನೆಗೆ ಸರಿಯಾಗೇ ಕೇಳಿಸ್ತು. ಟೀಚರ್ ಪಟ್ಟಣದ ಮಾತಾಡಿ ತಪ್ಪು ಹೇಳಿದ್ಲು, ಆಮೇಲೆ ಸುಳ್ಳು ಹೇಳಿದ್ಲು. ಹಿಂಗೇ ಬರಿ."

"ನಿಮ್ ಹೆಸ್ರು ಹಾಕ್ಬೇಕಾ?" ಎಂದ.

"ಮತ್ತೆ? ಅವ್ಳ ಹೆಸ್ರು ಹಾಕುವಾಗ ಕೇಳಿದ್ಯೇನೋ?" ಎಂದೆ. ಪಾಪ, ಅವನ ಮೇಲೆ ಯಾಕೆ ರೇಗಿದೆನೋ. ಶುಕ್ರವಾರ ಹಾಳೆ ತಿದ್ದಿ ಕಳಿಸಿದೆ. ಶನಿವಾರ ಅಂಗಡಿಗೆ ಹೋದಾಗ ಯಾರೂ ನನ್ನ ಮುಖ ನೋಡಲಿಲ್ಲ, ಅಥವಾ ನಾನೇ ಯಾರ ಮುಖವನ್ನೂ ನೋಡಲಿಲ್ಲ.

ನನ್ನನ್ನು ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ. ನೀನು ಈ ಕಾಗದವನ್ನು ಒಲೆಗೆ ಹಾಕಿದರೂ ಸರಿ, ಮಕ್ಕಳಿಗೆ ಓದಿ ಹೇಳಿದರೂ ಸರಿ. ಓದಿ ಹೇಳು. ನಮ್ಮಮ್ಮನಿಗೆ ಕಿವಿ ಕೇಳಿಸಲಿಲ್ಲ ಎಂದು ಅವರೂ ತಿಳಿದುಕೊಂಡು ಬೆಳೆದಿರಬೇಕು. ಮೊಮ್ಮಕ್ಕಳಿಗೆಲ್ಲ ನನ್ನ ಆಶೀರ್ವಾದ, ನನ್ನ ಆಶೀರ್ವಾದಕ್ಕೆ ಬೆಲೆ ಉಳಿದಿದ್ದರೆ. ದೇವರು ನಿನ್ನ ಮನೆಯನ್ನು ತಣ್ಣಗಿಟ್ಟಿರಲಿ, ನಿನ್ನ ಮಷಿನ್ನಿಗೆ ಒಳ್ಳೆಯ ಮಾತುಗಳೇ ಕೇಳಿಸಲಿ.

ನಿನ್ನವಳೆಂದು ಬರೆಯಲು ಕೈ ಬಾರದ,
ಸಿಗ್ವೋರ್

ತಾ.ಕ.: ಲಕೋಟೆ ಅಂಟಿಸಿ ಅಂಚೆಪೆಟ್ಟಿಗೆಯವರೆಗೂ ಹೋಗಿ ವಾಪಸು ಬಂದು ಹರಿದು ತೆರೆದಿದ್ದೇನೆ. ಮೇಲೆ ಬರೆದದ್ದು, ಇಂಗ್ವಾರ್‌ಗೆ ಬರೆಸಿದ್ದು, ಎರಡೂ ಅರ್ಧವೇ. ನಾಲಿಗೆ ಜಾರಿತು ಎಂದರೆ ಓದಿದವರು ಅಯ್ಯೋ ಪಾಪ ಎನ್ನುತ್ತಾರೆ. ನೀನೂ ಎನ್ನುತ್ತೀಯ, ನಿನ್ನ ಸ್ವಭಾವ ನನಗೆ ಗೊತ್ತು. ಅದು ಬೇಡ.

ಕಿಟಕಿ ಮುಚ್ಚಿದೆ ಎಂದೆನಲ್ಲ. ಮುಚ್ಚುವಾಗ ಚಿಲಕ ಇನ್ನೂ ನನ್ನ ಕೈಯಲ್ಲೇ ಇತ್ತು. ನೀನು ಸೇತುವೆಯ ಬಾಯಲ್ಲಿ ಒಂದು ಗಳಿಗೆ ನಿಂತು, ಹಿಟ್ಟಿನ ಕೈಯನ್ನು ಲಂಗಕ್ಕೆ ಒರೆಸಿಕೊಂಡು, ಮೇಲಕ್ಕೆ ತಿರುಗಿದೆ. ನಾನು ನೋಡಿದೆ, ಓಸ್ನೆ. ನೀನು ತಿರುಗಿದ್ದನ್ನು ನೋಡಿದೆ. ನನ್ನ ಮಾತು ನಿನಗೆ ಹೇಗೆ ಕೇಳಿಸಿತು ಎಂದು ಆ ಕ್ಷಣದಲ್ಲೇ ತಿಳಿಯಿತು. ಕಿಟಕಿ ತೆರೆದು ಒಂದು ಮಾತು ಕೂಗಿದ್ದರೆ ಸಾಕಿತ್ತು. ನೀನು ಇಪ್ಪತ್ತು ಹೆಜ್ಜೆಯೂ ಹೋಗಿರಲಿಲ್ಲ. ಆದರೆ ಕೂಗುವುದಾದರೆ ನಮ್ಮ ಮಾತಿನಲ್ಲೇ ಕೂಗಬೇಕಿತ್ತು, ಹಟ್ಟಿಯಿಂದ ಆಡು ಕರೆಯುವವರ ಹಾಗೆ, ಇನ್ಸ್‌ಪೆಕ್ಟರ್ ಎದುರಿಗೆ. ನನಗೆ ನಾಚಿಕೆಯಾಯಿತು. ಮುಂದಿನ ಮನೆಯವರು ಯಾರಾದರೂ ತಿಳಿಸುತ್ತಾರೆ ಬಿಡು ಎಂದುಕೊಂಡೆ. ಹಿಂದಿನಿಂದ ಇನ್ಸ್‌ಪೆಕ್ಟರ್ "ಪಾಠ ಮುಂದುವರಿಸಿ" ಎಂದರು. ಚಿಲಕ ಹಾಕಿ, ತೋಳು ಚಾಚಿ, ಮಕ್ಕಳಿಗೆ ಬೆರಳುಗಳನ್ನು ತೋರಿಸಿದೆ.

ಆವತ್ತು ಕೂಗಬೇಕಾಗಿದ್ದನ್ನು ಈಗ ಬರೆಯುತ್ತಿದ್ದೇನೆ. ಇದಕ್ಕೆ ನಿನ್ನ ಮಷಿನ್ ಬೇಕಿಲ್ಲ.

ಹೊರಗೆ ಕಣೇ, ಓಸ್ನೆ! ನಿಮ್ಮಪ್ಪ ಹೊರಗೆ ಹೋದ್ರು!